ಕೋರಿಕೆ ಮೆತ್ತಗೆ, ಅಂಕಿ ಗಟ್ಟಿ: ಬಿ.ಕಾಂ. ತರಗತಿಗೆ ವ್ಯವಹಾರದ ಇಂಗ್ಲಿಷ್

ಎಂ.ಎ. ಇಂಗ್ಲಿಷ್ ಮುಗಿಸಿ ಪದವಿ ಕಾಲೇಜಿನಲ್ಲಿ ಪಾಠಕ್ಕೆ ನಿಲ್ಲುವವರಿಗೆ ಕಾವ್ಯವೋ ನಾಟಕವೋ ಸಿಗಲಿ ಎಂಬ ಆಸೆ ಇರುತ್ತದೆ. ಹೊಸಬರ ಪಾಲಿಗೆ ಬರುವುದು ಹೆಚ್ಚಾಗಿ ಬಿ.ಕಾಂ. ವಿದ್ಯಾರ್ಥಿಗಳ ವ್ಯವಹಾರದ ಇಂಗ್ಲಿಷ್. ಬೆಳಗಾವಿಯಲ್ಲಿ ನನ್ನಂತೆ ಈ ಪಾಠ ಹಿಡಿದಿರುವ ಗೆಳೆಯರಿಗಾಗಿ, ಓದಿ ತಿಳಿದದ್ದನ್ನೂ ತರಗತಿಯಲ್ಲಿ ಕಂಡದ್ದನ್ನೂ ಸೇರಿಸಿ ಬರೆದ ಟಿಪ್ಪಣಿ ಇದು. ಪತ್ರದಲ್ಲಿ ವಿಳಾಸ ಯಾವ ಮೂಲೆಗೆ, ದಿನಾಂಕ ಯಾವ ಸಾಲಿಗೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ಎಲ್ಲ ಗೈಡುಗಳಲ್ಲೂ ಇದೆ.

ಯಾರಿಗೆ ಏನು ಬೇಕು

ಇಂಗ್ಲಿಷ್ ಬೋಧನೆಯ ವಿದ್ವಾಂಸರಾದ ಹಚಿನ್ಸನ್ ಮತ್ತು ವಾಟರ್ಸ್ 1987ರಲ್ಲಿ ಕಲಿಯುವವರ ಅಗತ್ಯವನ್ನು ಮೂರಾಗಿ ಬಿಡಿಸಿದರು: ಕೆಲಸ ಕೇಳುವುದು, ಕಲಿಯುವವರಿಗೆ ಇನ್ನೂ ಬಾರದೆ ಇರುವುದು, ಅವರು ಬಾಯಿಬಿಟ್ಟು ಬೇಕೆನ್ನುವುದು. ತರಗತಿಯಲ್ಲಿ ಕೇಳಿದರೆ ಸಿಗುವ ಉತ್ತರ ಮೂರನೆಯದು ಮಾತ್ರ. ಎಲ್ಲರಿಗೂ ತಡವರಿಸದೆ ಇಂಗ್ಲಿಷ್ ಮಾತನಾಡಬೇಕು. ಮೊದಲನೆಯದು ತಿಳಿಯಬೇಕಾದರೆ ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಡೆ ನೋಡಬೇಕು. ಅಲ್ಲಿನ ಫೌಂಡ್ರಿಯ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯ, ಕಚೇರಿಯಲ್ಲಿ ಮಾತೆಲ್ಲ ಕನ್ನಡ, ಮರಾಠಿ, ಹಿಂದಿಯಲ್ಲಿ ನಡೆದುಹೋಗುತ್ತದೆ. ಇಂಗ್ಲಿಷ್ ಇರುವುದು ಕಾಗದದಲ್ಲಿ: ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಡೆಲಿವರಿ ಚಲನ್, ಎರಕದಲ್ಲಿ ದೋಷ ಕಂಡಾಗ ಬರುವ ಇ-ಮೇಲ್, ಬಾಕಿ ಹಣದ ನೆನಪೋಲೆ. ಪುಣೆಯ ಗ್ರಾಹಕ ಫೋನಿನಲ್ಲಿ ಮರಾಠಿಯಲ್ಲಿ ಎಲ್ಲ ಮಾತನಾಡಿ ಕೊನೆಗೆ "ಇದನ್ನೇ ಒಂದು ಮೇಲ್ ಹಾಕಿ" ಎನ್ನುತ್ತಾನೆ. ನಮ್ಮ ವಿದ್ಯಾರ್ಥಿ ಬೆವರುವುದು ಅಲ್ಲಿ. ಹಾಗಾಗಿ ನನ್ನ ಪಾಠದ ಮುಕ್ಕಾಲು ಪಾಲು ಇ-ಮೇಲ್‌ಗೇ ಹೋಗಿದೆ. ಅದಕ್ಕಾಗಿ ನನಗೆ ಬೇಸರವಿಲ್ಲ.

ಕೋರಿಕೆಯ ತೂಕ

ನಿಧಾನವಾಗಿ ಓದಬೇಕಾದ ಭಾಗ ಇದು. ನನಗೆ ತಲೆಗೆ ಹತ್ತಲು ಬಹಳ ಹೊತ್ತು ಹಿಡಿದದ್ದೂ ಇದೇ.

"ಪ್ಲೀಸ್" ಸೇರಿಸಿದರೆ ಯಾವ ವಾಕ್ಯಕ್ಕೂ ವಿನಯ ಬರುತ್ತದೆ ಎಂಬ ನಂಬಿಕೆಯನ್ನು ವಿದ್ಯಾರ್ಥಿಗಳು ಹೈಸ್ಕೂಲಿನಿಂದಲೇ ಹೊತ್ತು ತಂದಿರುತ್ತಾರೆ. "ಪ್ಲೀಸ್ ಸೆಂಡ್ ಇಟ್ ಇಮೀಡಿಯೆಟ್ಲಿ" ಎಂಬುದರಲ್ಲಿ ಪ್ಲೀಸ್ ಇದೆ, ಆದರೂ ಅದು ಆಜ್ಞೆ. ಹಾಗಾದರೆ ವಿನಯ ಎಲ್ಲಿಂದ ಬರುತ್ತದೆ? ಇದಕ್ಕೆ ಭಾಷಾ ವಿದ್ವಾಂಸರಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಕೊಟ್ಟ ಲೆಕ್ಕ 1978ರಲ್ಲಿ ಮೊದಲು ಪ್ರಕಟವಾಯಿತು, 1987ರಲ್ಲಿ ಸ್ವತಂತ್ರ ಪುಸ್ತಕವಾಯಿತು. ಅವರು ಇಂಗ್ಲಿಷ್ ಒಂದನ್ನೇ ನೋಡಿ ಬರೆದವರಲ್ಲ. ತಮಿಳುನಾಡಿನ ಹಳ್ಳಿಯೊಂದರ ತಮಿಳು, ಮೆಕ್ಸಿಕೊದ ತ್ಸೆಲ್ಟಾಲ್ ಭಾಷೆ ಎರಡೂ ಅವರ ಮುಂದಿದ್ದವು. ಅವರ ಮಾತಿನ ಸಾರ ಇಷ್ಟು: ಯಾರಿಂದಲಾದರೂ ಏನನ್ನಾದರೂ ಕೇಳುವಾಗ ಅವರ ಸ್ವಾತಂತ್ರ್ಯಕ್ಕೆ ನಾವು ಸ್ವಲ್ಪ ಅಡ್ಡ ಬರುತ್ತೇವೆ. ಎಷ್ಟು ಅಡ್ಡ ಬರುತ್ತೇವೋ ಅಷ್ಟು ಮೆತ್ತಗೆ ಕೇಳಬೇಕು. ಆ "ಎಷ್ಟು" ಎಂಬುದಕ್ಕೆ ಒಂದು ಕೂಡಿಕೆ ಇದೆ:

ತೂಕ = ಅಂತರ + ಅಧಿಕಾರ + ಹೊರೆ

ಅಂತರ ಎಂದರೆ ಇಬ್ಬರಿಗೂ ಪರಿಚಯ ಎಷ್ಟು ಕಡಿಮೆ ಎಂಬುದು. ಅಧಿಕಾರ ಎಂದರೆ ಕೇಳಿಸಿಕೊಳ್ಳುವವರಿಗೆ ಕೋರುವವರ ಮೇಲೆ ಇರುವ ಹಿಡಿತ. ಇದನ್ನು ವಿಸಿಟಿಂಗ್ ಕಾರ್ಡಿನ ಹುದ್ದೆ ನೋಡಿ ಅಳೆಯಬಾರದು. ಬಿಲ್ ಪಾಸು ಮಾಡುವ ಗುಮಾಸ್ತನ ಹುದ್ದೆ ಚಿಕ್ಕದು. ಹಣಕ್ಕಾಗಿ ಕಾದಿರುವ ಫೌಂಡ್ರಿ ಮಾಲೀಕನ ಮೇಲೆ ಅವನ ಹಿಡಿತ ದೊಡ್ಡದು. ಇವೆರಡೂ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತವೆ. ತೊಡಕಿರುವುದು ಹೊರೆಯಲ್ಲಿ. ಕೇಳಿದ ಕೆಲಸ ಎಷ್ಟು ದೊಡ್ಡದು ಎಂಬುದೇ ಹೊರೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಅಷ್ಟೇ ಆಗಿದ್ದರೆ ಒಂದೇ ಕೆಲಸಕ್ಕೆ ಯಾವತ್ತೂ ಒಂದೇ ಹೊರೆ ಇರಬೇಕಿತ್ತು. ಹಾಗಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಕೊಲ್ಹಾಪುರದ ಗ್ರಾಹಕ ಸಂಸ್ಥೆಯೊಂದರ ಜಿಎಸ್‌ಟಿ ಸಂಖ್ಯೆಯನ್ನು ಬೆಳಗಾವಿಯ ಫೌಂಡ್ರಿಯವರು ಇನ್‌ವಾಯ್ಸ್ 214ರಲ್ಲಿ ತಪ್ಪಾಗಿ ಹಾಕಿದ್ದಾರೆ. ಅದು ಸರಿಯಾಗದೆ ಗ್ರಾಹಕನಿಗೆ ಮಾಲು ಕೊಂಡಾಗ ಕಟ್ಟಿದ ತೆರಿಗೆಯ ಜಮೆ ಸಿಗುವುದಿಲ್ಲ. ತಿದ್ದಿ ಕೊಡಿ ಎಂದು ಗ್ರಾಹಕನ ಲೆಕ್ಕಿಗ ಫೌಂಡ್ರಿಯ ಲೆಕ್ಕಿಗನಿಗೆ ಬರೆಯಬೇಕು. ಅಂತರ ಅದೇ, ಅಧಿಕಾರ ಅದೇ, ಕೆಲಸವೂ ಅದೇ: ಹದಿನೈದು ಅಕ್ಷರಗಳ ಒಂದು ಸಂಖ್ಯೆ ಬದಲಿಸುವುದು. ಆದರೆ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಲು ಮುಂದಿನ ತಿಂಗಳ 11ನೇ ತಾರೀಖು ಕೊನೆಯ ದಿನ. ಪ್ರತಿ ತಿಂಗಳು ಸಲ್ಲಿಸುವವರ ಮಾತು ಹೇಳುತ್ತಿದ್ದೇನೆ. ಸಲ್ಲಿಸುವ ಮುನ್ನ ಕೇಳಿದರೆ ಎರಡು ನಿಮಿಷದ ಕೆಲಸ. ಸಲ್ಲಿಸಿದ ಮೇಲೆ ಕೇಳಿದರೆ ಮುಂದಿನ ರಿಟರ್ನಿನಲ್ಲಿ ತಿದ್ದುಪಡಿಯಾಗಿ ತೋರಿಸಬೇಕು, ಮೇಲಿನವರಿಗೆ ಕಾರಣ ಹೇಳಬೇಕು, ತನ್ನ ಕೈಯಿಂದಾದ ತಪ್ಪು ಎಲ್ಲರಿಗೂ ಕಾಣುತ್ತದೆ. ತಾರೀಖು ದಾಟಿತು, ಹೊರೆ ಏರಿತು.

ಇದನ್ನು ಬೋರ್ಡಿನ ಮೇಲೆ ಬರೆದ ದಿನ ತರಗತಿಗೆ ಜೀವ ಬಂತು. 11ನೇ ತಾರೀಖಿನ ಮಹತ್ವ ಬಿ.ಕಾಂ. ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿರುವ ವಿಷಯದ ಮೇಲೆ ಅವರಿಗೆ ಬಾರದ ಭಾಷೆಯನ್ನು ಕೂರಿಸುವುದು ಈ ಪಾಠದ ಅರ್ಧ ಗುಟ್ಟು.

ಈಗ ವಾಕ್ಯಗಳು. ರಿಟರ್ನ್ ಸಲ್ಲಿಸುವ ಮುನ್ನ: "ಕುಡ್ ಯೂ ಕರೆಕ್ಟ್ ಅವರ್ ಜಿಎಸ್‌ಟಿ ನಂಬರ್ ಆನ್ ಇನ್‌ವಾಯ್ಸ್ 214?" ಇಷ್ಟು ಸಾಕು. ಸಲ್ಲಿಸಿದ ಮೇಲೆ: "ಐ ಅಂಡರ್‌ಸ್ಟ್ಯಾಂಡ್ ದ ರಿಟರ್ನ್ ಈಸ್ ಆಲ್ರೆಡಿ ಫೈಲ್ಡ್. ವುಡ್ ಇಟ್ ಬಿ ಪಾಸಿಬಲ್ ಟು ಅಮೆಂಡ್ ಇನ್‌ವಾಯ್ಸ್ 214 ಇನ್ ದ ನೆಕ್ಸ್ಟ್ ಒನ್?" ಎರಡನೆಯದರಲ್ಲಿ ಹೆಚ್ಚಾಗಿರುವುದು ಏನು? ಎದುರಿನವರ ತೊಂದರೆ ನನಗೆ ಗೊತ್ತಿದೆ ಎಂಬ ಒಂದು ಸಾಲು. "ನೀವು" ಎಂಬುದು ಮರೆಯಾಗಿ "ಸಾಧ್ಯವಾದೀತೇ" ಎಂಬ ಪ್ರಶ್ನೆ. ಆಗುವುದಿಲ್ಲ ಎಂದು ಹೇಳಲೂ ದಾರಿ. ಪ್ಲೀಸ್ ಎರಡರಲ್ಲೂ ಇಲ್ಲ, ಗಮನಿಸಿ.

ಇನ್ನೊಂದನ್ನೂ ಗಮನಿಸಿ. 214 ಎಂಬುದು ಎರಡರಲ್ಲೂ 214ಆಗಿಯೇ ಉಳಿದಿದೆ. ವಿದ್ಯಾರ್ಥಿಗಳಿಗೆ ಮೆತ್ತಗೆ ಬರೆಯಲು ಹೇಳಿದ ಕೂಡಲೇ ಅವರು ಎಲ್ಲವನ್ನೂ ಮೆತ್ತಗೆ ಮಾಡುತ್ತಾರೆ: "ನಮ್ಮ ಒಂದು ಇನ್‌ವಾಯ್ಸಿನಲ್ಲಿ ಸಣ್ಣದೊಂದು ವ್ಯತ್ಯಾಸ ಇರುವಂತೆ ಕಾಣುತ್ತದೆ." ಯಾವ ಇನ್‌ವಾಯ್ಸ್? ಎಂಥ ವ್ಯತ್ಯಾಸ? ಓದಿದವನು ಫೋನ್ ಮಾಡಿ ಕೇಳಬೇಕು. ಸಂಖ್ಯೆಗೆ, ತಾರೀಖಿಗೆ, ಮೊತ್ತಕ್ಕೆ ಮುಖಭಂಗವಾಗುವುದಿಲ್ಲ. ಅದು ಆಗುವುದು ಮನುಷ್ಯನಿಗೆ. ಆದ್ದರಿಂದ ನಾನು ತರಗತಿಯಲ್ಲಿ ಸದಾ ಹೇಳುವ ಸೂತ್ರ: ಕೋರಿಕೆ ಮೆತ್ತಗೆ, ಅಂಕಿ ಗಟ್ಟಿ. ಕರಡು ಬರೆದ ಮೇಲೆ ಅಂಕಿಗಳಿಗೆಲ್ಲ ಅಡಿಗೆರೆ ಎಳೆಯಿರಿ ಎನ್ನುತ್ತೇನೆ. ಒಂದು ಗೆರೆಯೂ ಬೀಳದಿದ್ದರೆ ಆ ಮೇಲ್ ಇನ್ನೂ ಕಳುಹಿಸುವ ಹದಕ್ಕೆ ಬಂದಿಲ್ಲ.

ಹೊರೆಯನ್ನು ಬದಲಿಸುವ ಎರಡನೆಯ ಸಂಗತಿ ಹಕ್ಕು. ಕೊಡಲೇಬೇಕಾದ್ದನ್ನು ಕೇಳುವುದು ಹಗುರ, ಕೊಡಬೇಕಿಲ್ಲದ್ದನ್ನು ಕೇಳುವುದು ಭಾರ. ಕೇಳಲು ಸರಳ. ಬಾಕಿ ಹಣದ ಪತ್ರ ಬರೆಸಿ ನೋಡಿ, ಆಗ ಗೊತ್ತಾಗುತ್ತದೆ. ಚಿಕ್ಕ ಫೌಂಡ್ರಿ ದೊಡ್ಡ ಕಂಪನಿಗೆ ಬರೆಯುತ್ತಿದೆ ಎಂದ ತಕ್ಷಣ ನಮ್ಮವರು ಅಧಿಕಾರವನ್ನು ಮಾತ್ರ ಲೆಕ್ಕ ಹಾಕಿ ಕೈಮುಗಿಯುತ್ತಾರೆ: ನಮ್ಮದು ಸಣ್ಣ ಘಟಕ, ಆಳುಗಳಿಗೆ ಪಗಾರ ಕೊಡಬೇಕು, ದಯವಿಟ್ಟು ಕೃಪೆ ತೋರಿ. ಆದರೆ ಇಲ್ಲಿ ಹಕ್ಕು ಕಾಗದದಲ್ಲಿದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ, ಅಂದರೆ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ ಅದು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇಷ್ಟು ಹಕ್ಕು ಇರುವವನು ಕೃಪೆ ಎಂದು ಬರೆದರೆ ತನ್ನ ಹಕ್ಕನ್ನು ತಾನೇ ಉಪಕಾರದ ಖಾತೆಗೆ ಹಾಕಿಕೊಂಡಂತೆ.

ಹಾಗೆಂದು ಮೊದಲ ಪತ್ರದಲ್ಲೇ ಕಾಯ್ದೆಯನ್ನು ಝಳಪಿಸುವುದೂ ಅಲ್ಲ. ನಾಳೆ ಮತ್ತೆ ಅವರಿಂದಲೇ ಆರ್ಡರ್ ಬರಬೇಕು. ನಾನು ಮೂರು ಮೆಟ್ಟಿಲು ಮಾಡಿಸುತ್ತೇನೆ. ಮೊದಲ ನೆನಪೋಲೆ ಕಣ್ತಪ್ಪಿರಬಹುದು ಎಂದು ಭಾವಿಸುತ್ತದೆ, ಎದುರಿನವರಿಗೆ ಮರ್ಯಾದೆಯಿಂದ ಹೊರಬರಲು ದಾರಿ ಬಿಡುತ್ತದೆ. ಎರಡನೆಯದು ಹಣ ಯಾವ ತಾರೀಖಿಗೆ ಬರುತ್ತದೆ ಎಂದು ಕೇಳುತ್ತದೆ, ಬೇರೇನನ್ನೂ ಕೇಳುವುದಿಲ್ಲ. ಮೂರನೆಯದರಲ್ಲಿ ಕಾಯ್ದೆಯ ಹೆಸರು, ದಿನಗಳ ಲೆಕ್ಕ, ಬಡ್ಡಿಯ ಲೆಕ್ಕ. ಸಿಟ್ಟಿನ ವಿಶೇಷಣ ಒಂದೂ ಬೇಡ. ಮೂರರಲ್ಲೂ ಇನ್‌ವಾಯ್ಸ್ ಸಂಖ್ಯೆ, ತಾರೀಖು, ಮೊತ್ತ ಮಾತ್ರ ಒಂದೇ ಕಡೆ, ಒಂದೇ ರೀತಿ. ಪಗಾರದ ಮಾತು? ಅದನ್ನು ಫೋನಿಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಗುರುತಿರುವ ವ್ಯಕ್ತಿಯೊಡನೆ ಮರಾಠಿಯಲ್ಲೋ ಕನ್ನಡದಲ್ಲೋ ಆಡಿದ ಆ ಮಾತು ಎಷ್ಟೋ ಸಲ ಕಾಯ್ದೆಗಿಂತ ಬೇಗ ಹಣ ತರುತ್ತದೆ. ಪಠ್ಯಪುಸ್ತಕಗಳು ಇದನ್ನು ಹೇಳುವುದಿಲ್ಲ.

ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಸಂದರ್ಭವೂ ಇದೆ. ಕರಗಿದ ಕಬ್ಬಿಣಕ್ಕೆ ನೀರು ತಗುಲಿದರೆ ಅದು ಒಮ್ಮೆಲೇ ಉಗಿಯಾಗಿ ಲೋಹ ಸಿಡಿಯುತ್ತದೆ. ಕುಲುಮೆಯ ಪಕ್ಕ ಒದ್ದೆ ಸ್ಕ್ರ್ಯಾಪ್ ಕಂಡವನು "ಸಾಧ್ಯವಾದೀತೇ" ಎಂದು ಕೇಳುತ್ತಾ ನಿಲ್ಲುವುದಿಲ್ಲ, "ನಿಲ್ಲಿಸು" ಎಂದು ಮಾಲೀಕನಿಗೂ ಕೂಗುತ್ತಾನೆ. ಬ್ರೌನ್ ಮತ್ತು ಲೆವಿನ್ಸನ್ ಇಂಥ ನೇರ ಮಾತಿಗೂ ತಮ್ಮ ಪಟ್ಟಿಯಲ್ಲಿ ಜಾಗ ಕೊಟ್ಟಿದ್ದಾರೆ. ಸುರಕ್ಷತೆಯ ಫಲಕಗಳ ಭಾಷೆ ಏಕೆ ಒರಟು ಎಂದು ವಿದ್ಯಾರ್ಥಿ ಕೇಳಿದರೆ ಉತ್ತರ ಇದು.

ಫೋನ್ ಪಾಠ

ಮಾತಿನ ಅಭ್ಯಾಸಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಮಾದರಿ ಇದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ವ್ಯಾಕರಣದ ಪಟ್ಟಿಯ ಬದಲು ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು. ಅವರು ಹೇಳಿದ ಮೂರು ಬಗೆಯ ಕೊರತೆಗಳಲ್ಲಿ ನಮಗೆ ಹೆಚ್ಚು ಒದಗುವುದು ಮಾಹಿತಿಯ ಕೊರತೆ: ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲ, ಮಾತನಾಡದೆ ಕೆಲಸ ಮುಗಿಯುವುದಿಲ್ಲ.

ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ. ಒಬ್ಬನ ಕೈಯಲ್ಲಿ ರವಾನೆಯ ಚೀಟಿ, ಇನ್ನೊಬ್ಬನ ಕೈಯಲ್ಲಿ ಪರ್ಚೇಸ್ ಆರ್ಡರ್; ಎರಡರ ನಡುವೆ ಬೇಕೆಂದೇ ಕೆಲವು ವ್ಯತ್ಯಾಸ. ಮಾಲು ಸಾಗಿಸುವಾಗ ಬೇಕಾದ ಇ-ವೇ ಬಿಲ್ಲಿನ 12 ಅಂಕಿಗಳನ್ನು ಓದಿಸಿ, ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳನ್ನು ಬರೆಸಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. 29 ಬರೆಯಬೇಕಾದ ಕಡೆ 27 ಬರೆದವನು ಮಾಲನ್ನೇ ಗಡಿ ದಾಟಿಸಿದ್ದಾನೆ ಎಂದು ತರಗತಿ ನಗುತ್ತದೆ. ಹದಿನೈದು ಮತ್ತು ಐವತ್ತು ಇಂಗ್ಲಿಷ್‌ನಲ್ಲಿ ಒಂದೇ ರೀತಿ ಕೇಳಿಸಿ ಎಡವಟ್ಟಾಗುತ್ತದೆ. "ಫಿಫ್ಟೀನ್, ಒನ್ ಫೈವ್" ಎಂದು ಬಿಡಿಸಿ ಹೇಳುವ ರೂಢಿ ಮಾಡಿಸಿ. ಬಿ, ಡಿ, ಪಿ ಅಕ್ಷರಗಳಿಗೆ ವಿಮಾನಯಾನದವರ ಬ್ರಾವೊ, ಡೆಲ್ಟಾ, ಪಾಪಾ ಇದೆ. ನಮ್ಮವರು ಬಿ ಎಂದರೆ ಬೆಳಗಾವಿ, ಡಿ ಎಂದರೆ ದೆಹಲಿ, ಪಿ ಎಂದರೆ ಪುಣೆ ಎಂದು ತಾವೇ ಮಾಡಿಕೊಂಡರು. ಅದೂ ನಡೆಯುತ್ತದೆ. ವ್ಯಾಕರಣ ತಿದ್ದಲು ಮಧ್ಯೆ ಬಾಯಿ ಹಾಕಬೇಡಿ; ಅಂಕಿ ಸರಿಯಾಗಿ ದಾಟಿತೇ ಎಂಬುದನ್ನಷ್ಟೇ ನೋಡಿ.

ಉದ್ಯೋಗದ ಅರ್ಜಿ

ಚಿಕ್ಕದಾಗಿ. ವೃತ್ತಿಯ ಬರಹಗಳನ್ನು ಅಧ್ಯಯನ ಮಾಡಿದ ಭಾಷಾ ವಿದ್ವಾಂಸ ವಿಜಯ್ ಭಾಟಿಯಾ 1993ರಲ್ಲಿ ತೋರಿಸಿದಂತೆ ಮಾರಾಟದ ಪತ್ರಕ್ಕೂ ಉದ್ಯೋಗದ ಅರ್ಜಿಗೂ ಒಳಗಿನ ನಡೆಗಳು ಒಂದೇ: ಅರ್ಹತೆ ಸ್ಥಾಪಿಸು, ಕೊಡುವುದನ್ನು ಪರಿಚಯಿಸು, ದಾಖಲೆ ಲಗತ್ತಿಸು, ಉತ್ತರ ಕೋರು, ವಿನಯದಿಂದ ಮುಗಿಸು. ದಕ್ಷಿಣ ಏಷ್ಯಾದ ಅರ್ಜಿಗಳಲ್ಲಿ ತನ್ನನ್ನು ತಗ್ಗಿಸಿ ಎದುರಿನ ಸಂಸ್ಥೆಯನ್ನು ಏರಿಸುವ ಚಾಳಿಯನ್ನೂ ಅವರು ಗುರುತಿಸಿದ್ದರು. ನಮ್ಮ ತರಗತಿಯ ಅರ್ಜಿಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿದೆ: "ತಮ್ಮ ಹೆಸರಾಂತ ಸಂಸ್ಥೆಯಲ್ಲಿ ಒಂದು ಅವಕಾಶ ಕರುಣಿಸಿದರೆ." ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಬರುತ್ತದೆಯೇ, ಯಾವ ಅಂಗಡಿಯ ಲೆಕ್ಕವನ್ನು ಎಷ್ಟು ತಿಂಗಳು ಬರೆದಿದ್ದಾನೆ ಎಂಬುದು ಹಿಂದಿನ ಪುಟದಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಅಡಿಗೆರೆ ಪರೀಕ್ಷೆ ಇಲ್ಲಿಗೂ ಒಪ್ಪುತ್ತದೆ.

ಅಂಕ ಕೊಡುವಾಗ

ಹತ್ತು ಅಂಕದ ಇ-ಮೇಲ್ ಪ್ರಶ್ನೆಗೆ ನಾನು ನಾಲ್ಕನ್ನು ಅಂಕಿ ಮತ್ತು ವಿವರಗಳಿಗೆ, ನಾಲ್ಕನ್ನು ಕೋರಿಕೆಯ ತೂಕಕ್ಕೆ, ಎರಡನ್ನು ವ್ಯಾಕರಣಕ್ಕೆ ಇಟ್ಟಿದ್ದೇನೆ. ವ್ಯಾಕರಣಕ್ಕೆ ಇಷ್ಟು ಕಡಿಮೆಯೇ ಎಂದು ಹಿರಿಯ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಆರ್ಟಿಕಲ್ ಬಿಟ್ಟ ಮೇಲ್‌ಗೆ ಹಣ ಬರುತ್ತದೆ, ಇನ್‌ವಾಯ್ಸ್ ಸಂಖ್ಯೆ ಬಿಟ್ಟ ಮೇಲ್‌ಗೆ ಬರುವುದಿಲ್ಲ ಎಂಬುದು ನನ್ನ ಉತ್ತರ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಎರಕದ 40 ಬಿಡಿಭಾಗಗಳಲ್ಲಿ 6ರಲ್ಲಿ ಗಾಳಿಗುಳ್ಳೆಗಳಿವೆ ಎಂದು ಗ್ರಾಹಕ ಬರೆದಿದ್ದಾನೆ, ಬದಲಿ ಮಾಲನ್ನು ಶನಿವಾರದೊಳಗೆ ಕೇಳಿದ್ದಾನೆ. ಸೋಮವಾರಕ್ಕೆ ಮುನ್ನ ಕೊಡಲು ಆಗುವುದಿಲ್ಲ. ಫೌಂಡ್ರಿಯ ಪರವಾಗಿ ಉತ್ತರಿಸಿ. ಇಲ್ಲಿ ಹಕ್ಕು ಗ್ರಾಹಕನದು, ಎರಡು ದಿನದ ಹೆಚ್ಚಿನ ಕಾಲವನ್ನು ಕೇಳುವವರು ನೀವು. ತೂಕವನ್ನು ಅಲ್ಲಿಂದ ಕೂಡಿಸಿ.