ನೀರು ಇಳಿದಿದೆ, ಗೆರೆ ಉಳಿದಿದೆ

ಮುಧೋಳದ ಹತ್ತಿರದ ನಮ್ಮ ಊರಲ್ಲಿ, ಕಾಕಾನ ಮನೆ ಪಡಸಾಲೆಯ ಗೋಡೆಗೆ ಎದೆಮಟ್ಟದಲ್ಲಿ ಒಂದು ಕಂದು ಗೆರೆಯಿದೆ. 2019ರ ಆಗಸ್ಟಿನಲ್ಲಿ ಘಟಪ್ರಭಾ ಒಳಗೆ ಬಂದುಹೋದ ಗುರುತು. ಎರಡು ಸಲ ಸುಣ್ಣ ಹೊಡೆದರೂ ಮಳೆಗಾಲಕ್ಕೆ ಮತ್ತೆ ಮೂಡುತ್ತದೆ.

ಹೋದ ವರ್ಷ ಕಾಕಾ ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಗೆ ಹೋಗಿದ್ದ. ಆಪರೇಷನ್ನಿಗೆ ಮುಂಚಿನ ರಕ್ತ ಪರೀಕ್ಷೆಯಲ್ಲಿ ‘ಆ್ಯಂಟಿ ಹೆಚ್‌ಸಿವಿ: ರಿಯಾಕ್ಟಿವ್’ ಎಂದು ಬಂತು. ಹೆಚ್‌ಸಿವಿ ಅಂದರೆ ಲಿವರಿಗೆ ತಗುಲುವ ಹೆಪಟೈಟಿಸ್ ಸಿ ವೈರಸ್. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ‘ಲಿವರ್ ಡಾಕ್ಟರಿಗೆ ತೋರಿಸಿ ಬರ್ರಿ’ ಎಂದು ಕಳಿಸಿದರು. ಊರು ಮುಟ್ಟುವಷ್ಟರಲ್ಲಿ ಅದು ಕಾಮಣಿಯಾಗಿ, ಸಂಜೆಗೆ ‘ಲಿವರ್ ಹೋಗೇತಂತ’ ಆಗಿತ್ತು. ಚಿಗವ್ವ ಅವನ ತಾಟು, ಚರಿಗೆ ಬೇರೆ ಇಟ್ಟಳು. ಈ ವೈರಸ್ ಹರಡುವುದು ರಕ್ತದಿಂದ. ಒಂದೇ ತಾಟಿನಲ್ಲಿ ಉಂಡರೆ ಬರುವಂಥದ್ದಲ್ಲ.

“ನನಗ ಬ್ಯಾನಿ ಐತೋ ಇಲ್ಲೋ, ಅಷ್ಟ ಹೇಳು” ಎಂದ ಕಾಕಾ. ಆ ಒಂದು ಚೀಟಿ ನೋಡಿ ಅದನ್ನು ಹೇಳಲು ಬರುವುದಿಲ್ಲ, ತೊಡಕು ಅಲ್ಲೇ ಇರುವುದು. ಈ ಪರೀಕ್ಷೆ ವೈರಸ್ಸನ್ನು ಹುಡುಕುವುದೇ ಇಲ್ಲ. ವೈರಸ್ಸಿನ ಎದುರು ದೇಹ ಕಟ್ಟಿಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ, ಸಿಕ್ಕರೆ ‘ರಿಯಾಕ್ಟಿವ್’ ಎನ್ನುತ್ತದೆ. ವೈರಸ್ ಹೋದಮೇಲೂ ಅವು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಗೋಡೆ ತೋರಿಸಿ ಹೇಳಿದೆ: “ಗೆರಿ ನೋಡಿ ನೀರು ಬಂದಿತ್ತು ಅನ್ನಬಹುದು ಕಾಕಾ. ಈಗ ನೀರು ಐತೇನು ಅಂದ್ರ ಹೊಳಿಗೆ ಹೋಗಿ ನೋಡಬೇಕು.”

ನೀರು ತಾನಾಗಿ ಇಳಿಯುವುದೂ ಉಂಟು. ಸೋಂಕು ತಗುಲಿದ 100 ಜನರಲ್ಲಿ ಸುಮಾರು 30 ಮಂದಿಯ ದೇಹ 6 ತಿಂಗಳೊಳಗೆ ಔಷಧವಿಲ್ಲದೆ ವೈರಸ್ಸನ್ನು ತೊಲಗಿಸುತ್ತದೆ. ಎಷ್ಟೋ ಮಂದಿಗೆ ಸೋಂಕು ಬಂದದ್ದೂ ಗೊತ್ತಾಗಿರುವುದಿಲ್ಲ. 1993ರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉರುಳಿ ತೊಡೆ ಮುರಿದಾಗ ಕಾಕಾನಿಗೆ ಮಿರಜಿನಲ್ಲಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಈ ವೈರಸ್ ಗುರುತಿಗೆ ಸಿಕ್ಕಿದ್ದೇ 1989ರಲ್ಲಿ. ಅಲ್ಲಿಯತನಕ ವೈದ್ಯರು ಅದನ್ನು ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎನ್ನುತ್ತಿದ್ದರು, ಹೆಸರಿಡದ ಕೂಸಿನ ಹಾಗೆ. ಅದರ ಜಾಡು ಹಿಡಿದ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಕಾಕಾನಿಗೆ ರಕ್ತ ಏರಿಸಿದ ಕಾಲಕ್ಕೆ ನಮ್ಮ ದೇಶದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಇನ್ನೂ ಕಡ್ಡಾಯವಾಗಿರಲಿಲ್ಲ.

ಕೆಲವೊಮ್ಮೆ ಗೆರೆ ನೆರೆಯದ್ದೇ ಅಲ್ಲ, ಮಾಳಿಗೆ ಸೋರಿದ್ದು. ಬೇರೆ ಯಾವುದೋ ಪ್ರತಿಕಾಯ ಪರೀಕ್ಷೆಯ ಕಿಟ್ಟಿಗೆ ಅಂಟಿ ಸುಳ್ಳೇ ‘ರಿಯಾಕ್ಟಿವ್’ ತೋರಿಸಬಹುದು. ಒಂದು ಲೆಕ್ಕ ಹಾಕೋಣ, ಅಂಕಿಗಳೆಲ್ಲ ಊಹೆಯವು. 1000 ಜನರಲ್ಲಿ 5 ಮಂದಿಗೆ ಮಾತ್ರ ನಿಜವಾಗಿ ಸೋಂಕು ತಗುಲಿತ್ತು ಎನ್ನಿ. ಸೋಂಕು ತಗುಲದ ಪ್ರತಿ 100 ಮಂದಿಯಲ್ಲಿ ಒಬ್ಬರ ವಿಷಯದಲ್ಲಿ ಕಿಟ್ ತಪ್ಪುತ್ತದೆ ಎನ್ನಿ. ಉಳಿದ 995 ಜನರಲ್ಲಿ ಸುಮಾರು 10 ಮಂದಿಗೆ ಸುಳ್ಳು ರಿಪೋರ್ಟು ಬಂತು. ಅಂದರೆ 15 ‘ರಿಯಾಕ್ಟಿವ್’ ಚೀಟಿಗಳಲ್ಲಿ 10 ಪೊಳ್ಳು! ಕಿಟ್ ಕೆಟ್ಟದ್ದಲ್ಲ, ರೋಗ ಅಪರೂಪವಾದಲ್ಲಿ ಒಳ್ಳೆಯ ಕಿಟ್ಟಿನ ಗತಿಯೂ ಇಷ್ಟೇ.

ಹೊಳೆಗೆ ಹೋಗಿ ನೋಡುವ, ಅಂದರೆ ವೈರಸ್ಸನ್ನೇ ಹುಡುಕುವ ಪರೀಕ್ಷೆಯ ಹೆಸರು ‘ಹೆಚ್‌ಸಿವಿ ಆರ್‌ಎನ್‌ಎ’. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪಿಸಿಆರ್ ಜಾತಿಯದ್ದೇ, ಇಲ್ಲಿ ರಕ್ತ ಬೇಕು ಅಷ್ಟೆ. ವೈರಸ್ ಕಂಡರೆ ಸಾಮಾನ್ಯವಾಗಿ 12 ವಾರ ಮಾತ್ರೆ. 100ರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. 2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ವೈರಸ್ ಕಾಣದಿದ್ದರೆ ಈಗ ಸೋಂಕಿಲ್ಲ. ಇತ್ತೀಚಿನ 6 ತಿಂಗಳಲ್ಲಿ ಸೋಂಕು ತಗುಲಿರುವ ಅನುಮಾನವಿದ್ದರೆ ಮಾತ್ರ ಇನ್ನೊಮ್ಮೆ ನೋಡಬೇಕಾಗುತ್ತದೆ.

ಕಾಕಾನದು ‘ನಾಟ್ ಡಿಟೆಕ್ಟೆಡ್’ ಬಂತು, ವೈರಸ್ ಕಾಣಲಿಲ್ಲ. ಹಳೆಯ ಸೋಂಕು ತಾನಾಗಿ ಹೋದದ್ದೋ, ಕಿಟ್ಟಿನ ಸುಳ್ಳೋ, ಈ ರಿಪೋರ್ಟಿನಿಂದ ತಿಳಿಯದು. ಅವನಿಗೆ ಅದು ಬೇಕಾಗಿಯೂ ಇಲ್ಲ. “ಹಂಗಾರ ಇನ್ನ ನನಗ ಬರೂದಿಲ್ಲ ಬಿಡು” ಎಂದಾಗ ಮಾತ್ರ ತಡೆದೆ. ಈ ಪ್ರತಿಕಾಯಗಳು ಕಾವಲು ಕಾಯುವುದಿಲ್ಲ, ಸೋಂಕು ಮತ್ತೆ ತಗುಲಬಹುದು. ಇದಕ್ಕೆ ಲಸಿಕೆಯೂ ಇಲ್ಲ.

ಕಣ್ಣಿನ ಆಪರೇಷನ್ ಆಯಿತು. ಎರಡನೇ ಕಣ್ಣಿಗೆ ಹೋದಾಗ ಮತ್ತೆ ‘ರಿಯಾಕ್ಟಿವ್’ ಎಂದೇ ಬರಬಹುದು. ಅದಕ್ಕೆಂದೇ ಚಿಗವ್ವ ಎರಡೂ ಚೀಟಿಗಳಿಗೆ ಪಿನ್ ಹೊಡೆಸಿ, ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾಳೆ. ನೆರೆ ಬಂದರೂ ತೊಯ್ಯಬಾರದಂತೆ.