ಪಾಪ, ಹೊಣೆ, ಶೋಧನೆ: ಲ್ಯಾಟಿನ್ ಮಾತುಗಳು ಗೋಜಲಾದ ಬಗೆ

2017ರಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ಸಭೆ ಯೇಸು ಕಲಿಸಿದ ಪ್ರಾರ್ಥನೆಯ ಒಂದು ಸಾಲನ್ನು ಬದಲಿಸಿತು, 2020ರಲ್ಲಿ ಇಟಲಿಯೂ ಬದಲಿಸಿತು. ‘ನಮ್ಮನ್ನು ಶೋಧನೆಗೆ (ಪಾಪದ ಸೆಳೆತಕ್ಕೆ) ಒಳಪಡಿಸಬೇಡ’ ಎಂದರೆ ದೇವರೇ ಪಾಪದ ಕಡೆಗೆ ನೂಕುತ್ತಾನೆ ಎಂದಂತಾಗುತ್ತದೆ ಎಂಬುದು ಆಕ್ಷೇಪ. ಲ್ಯಾಟಿನ್ ಪಾಠದಲ್ಲಿರುವ ಮಾತು ‘ತೆಂತಾತಿಯೊ’. ರೋಮನ್ನರಿಗೆ ಅದು ಮುಟ್ಟಿ ನೋಡುವುದು, ಪರೀಕ್ಷಿಸುವುದು. ನಾಡಿ ಹಿಡಿಯುವುದಕ್ಕೂ ಕಾಯಿಲೆ ಮೈಮೇಲೆ ಬರುವುದಕ್ಕೂ ಅದೇ ಧಾತು. ಪಾಪದ ಸೋಂಕು ಅದಕ್ಕಿರಲಿಲ್ಲ.

ತಪ್ಪು, ದೋಷಗಳಿಗಿರುವ ಉಳಿದ ಲ್ಯಾಟಿನ್ ಮಾತುಗಳೂ ಹೀಗೇ. ‘ಪೆಕ್ಕಾರೆ’ ಎಂದರೆ ತಪ್ಪುವುದು. ವ್ಯಾಕರಣ ತಪ್ಪಿದರೂ ಸಲ್ಲುತ್ತಿತ್ತು. ‘ಕ್ರಿಮೆನ್’ ಮೊದಲಿಗೆ ಬರೀ ಆರೋಪ. ‘ರೇಯುಸ್’ ವ್ಯಾಜ್ಯದ ಕಕ್ಷಿ, ಆಮೇಲೆ ಆರೋಪಿ. ‘ವಿಟಿಯುಮ್’ ಶಕುನ ನೋಡುವ ವಿಧಿಯಲ್ಲಾದ ಲೋಪ. ಕ್ರಿ.ಪೂ. 162ರಲ್ಲಿ ಅಂಥದ್ದೊಂದು ಲೋಪ ತಡವಾಗಿ ನೆನಪಾಗಿ ರೋಮಿನ ಅತ್ಯುನ್ನತ ಅಧಿಕಾರಿಗಳಾದ ಇಬ್ಬರು ಕಾನ್ಸುಲರು ಅಧಿಕಾರ ಬಿಟ್ಟರು. ಲೋಪ ಅವರದಲ್ಲ, ಚುನಾವಣೆ ನಡೆಸಿದವನದು.

‘ಕುಲ್ಪಾ’, ಅಂದರೆ ತಪ್ಪಿನ ಹೊಣೆ. ಅದನ್ನು ಹದಗೊಳಿಸಿದವರು ರೋಮಿನ ನ್ಯಾಯಪಂಡಿತರು. ಸುಮಾರು ಕ್ರಿ.ಪೂ. 287ರ ಅಕ್ವಿಲಿಯಾ ಕಾಯ್ದೆಯ ಪ್ರಕಾರ, ಇನ್ನೊಬ್ಬರ ಗುಲಾಮನನ್ನೋ ದನಕುರಿಯನ್ನೋ ಅಕ್ರಮವಾಗಿ ಕೊಂದವನು ಹಿಂದಿನ ಒಂದು ವರ್ಷದಲ್ಲಿ ಅದಕ್ಕಿದ್ದ ಅತಿ ಹೆಚ್ಚಿನ ಬೆಲೆ ತೆರಬೇಕು. ಬೇರೆ ಹಾನಿಗಳಿಗೆ ಲೆಕ್ಕ 30 ದಿನಗಳದು. ಹೊಣೆ ಅಲ್ಲಗಳೆದು ಸೋತರೆ ಎರಡು ಪಟ್ಟು. ಕಾಯ್ದೆ ‘ಅಕ್ರಮವಾಗಿ’ ಎಂದಷ್ಟೇ ಹೇಳಿತ್ತು. ಅದನ್ನು ಅಳೆಯುವುದು ಹೇಗೆ? ದಾರಿಯ ಮೇಲೆ ಚಾಚಿದ ಕೊಂಬೆ ಕಡಿಯುವವನು ಕೂಗಿ ಎಚ್ಚರಿಸದೆ ಅದನ್ನು ಕೆಳಗೆ ಬಿಟ್ಟು, ನಡೆದುಹೋಗುತ್ತಿದ್ದವನು ಸತ್ತರೆ ಅದು ಕುಲ್ಪಾ. ಜಾಗರೂಕನಾದವನು ಮುಂಗಾಣಬಹುದಾಗಿದ್ದುದನ್ನು ಇವನು ಕಾಣಲಿಲ್ಲ ಎಂಬುದು ಆ ಪಂಡಿತರಲ್ಲೊಬ್ಬನಾದ ಮೂಕಿಯುಸ್ ಕೊಟ್ಟ ಕಾರಣ. ಚೆಂಡಾಟದ ಜಾಗದ ಪಕ್ಕ ಕುಳಿತು ಕ್ಷೌರ ಮಾಡುವಾಗ ಚೆಂಡು ಕೈಗೆ ತಾಗಿ ಗುಲಾಮನ ಕತ್ತು ಕೊಯ್ದರೆ? ಹೊಣೆ ಕ್ಷೌರಿಕನದೆಂದ ಇನ್ನೊಬ್ಬ ಪಂಡಿತ ಪ್ರೋಕುಲುಸ್. ಅಂಥ ಜಾಗದಲ್ಲಿ ಕತ್ತು ಒಡ್ಡಿದವನು ತನ್ನನ್ನೇ ದೂರಿಕೊಳ್ಳಲಿ ಎಂಬ ವಾದಕ್ಕೂ ಮತ್ತೊಬ್ಬ ಪಂಡಿತ ಉಲ್ಪಿಯಾನುಸ್ ಮನ್ನಣೆ ಕೊಟ್ಟ. ಚೆನ್ನಾಗಿ ಶಸ್ತ್ರಕ್ರಿಯೆ ಮಾಡಿ ಆಮೇಲೆ ರೋಗಿಯನ್ನು ಕೈಬಿಟ್ಟ ವೈದ್ಯನೂ ಹೊಣೆಗಾರನೇ. ಇಲ್ಲೆಲ್ಲೂ ಹಾನಿ ಮಾಡಿದವನ ಮನಸ್ಸಿನಲ್ಲಿ ಏನು ಕುದಿಯುತ್ತಿತ್ತು ಎಂದು ಕೇಳಲಿಲ್ಲ. ಉದ್ದೇಶಪೂರ್ವಕ ಮೋಸಕ್ಕೆ ‘ದೋಲುಸ್’ ಎಂಬ ಬೇರೆ ಮಾತೇ ಇತ್ತು.

ನಾಲ್ಕನೆಯ ಶತಮಾನದ ಕೊನೆಗೆ ಬೈಬಲ್ ಲ್ಯಾಟಿನ್ನಿನಲ್ಲಿ ನೆಲೆಗೊಂಡಾಗ ಈ ಮಾತುಗಳೆಲ್ಲ ದೇವರ ಮುಂದೆ ಬಂದು ನಿಂತವು. ಯೇಸುವಿನ ಅದೇ ಪ್ರಾರ್ಥನೆಯಲ್ಲಿ, ಸುವಾರ್ತೆ ಬರೆದ ಮತ್ತಾಯನು ‘ಸಾಲ’ಗಳನ್ನು ಮನ್ನಿಸು ಎಂದರೆ ಲೂಕನು ‘ಪಾಪ’ಗಳನ್ನು ಮನ್ನಿಸು ಎನ್ನುತ್ತಾನೆ. ಕೃತ್ಯ ಮುಗಿದರೂ ಅಂಟಿಕೊಂಡಿರುವ ದೋಷಕ್ಕೆ ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್ ಕೋರ್ಟಿನ ‘ರೆಯಾತುಸ್’ (ರೇಯುಸ್ ಆಗಿರುವ ಸ್ಥಿತಿ) ಎಂಬ ಪದವನ್ನೇ ಬಳಸಿದ. ಶೋಧನೆಯನ್ನಾದರೋ ಆತ ಎಚ್ಚರದಿಂದ ಬಿಡಿಸಿಟ್ಟಿದ್ದ: ಮೊದಲು ಸೂಚನೆ (ಯೋಚನೆ ಮನಸ್ಸಿಗೆ ಬರುವುದು), ಆಮೇಲೆ ಹಿತವೆನಿಸುವುದು, ಕೊನೆಗೆ ಒಪ್ಪಿಗೆ. ಒಪ್ಪಿಗೆ ಸಿಕ್ಕಾಗಲೇ ಪಾಪ ಪೂರ್ಣ. ಎಡವಟ್ಟಾಗುವುದು ನಡುವಿನ ಮೆಟ್ಟಿಲಲ್ಲಿ. ಮಧ್ಯಯುಗದವರು ‘ದೆಲೆಕ್ತಾತಿಯೊ ಮೊರೋಸಾ’ ಎಂದದ್ದು ‘ತಡಮಾಡಿದ ಸುಖ’ವನ್ನು. ತಡವೆಂದರೆ ಹೊತ್ತಿನ ಲೆಕ್ಕವಲ್ಲ. ಬುದ್ಧಿ ಅರಿತೂ ತಳ್ಳಿಹಾಕದೆ ಅಲ್ಲೇ ನಿಲ್ಲುವುದು ಎಂದು ಮಧ್ಯಯುಗದ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಬಿಡಿಸಿ ಹೇಳಿದ್ದಾನೆ. ಈ ಭೇದ ಮಸುಕಾದಾಗಲೆಲ್ಲ, ಬಂದುಹೋದ ಬರೀ ಯೋಚನೆಗೂ ಜನ ತಮ್ಮನ್ನು ಪಾಪಿಗಳೆಂದುಕೊಂಡು ಬೆಂದಿದ್ದಾರೆ. ಅವರಿಗೆ ಆ ನೋವು ಬೇಕಿರಲಿಲ್ಲ.

ಈ ಮಾತುಗಳ ಒಂದು ಕವಲು ಕ್ರೈಸ್ತ ಸಭೆಯ ನಿಯಮಗಳತ್ತ ಹೋಯಿತು: 1215ರಲ್ಲಿ ವರ್ಷಕ್ಕೊಮ್ಮೆ ಪಾದ್ರಿಯ ಮುಂದೆ ಪಾಪನಿವೇದನೆ ಕಡ್ಡಾಯವಾಯಿತು, 1517ರಲ್ಲಿ ದೋಷ ಮತ್ತು ದಂಡದ ನಡುವಿನ ಗೆರೆಯ ಬಗ್ಗೆ ಮಾರ್ಟಿನ್ ಲೂಥರ್ ಎತ್ತಿದ ವಾದ ಯೂರೋಪನ್ನೇ ಸೀಳಿತು, 1551ರಲ್ಲಿ ಮಾರಕ ಪಾಪಗಳನ್ನು ಬಗೆ, ಸಂಖ್ಯೆ ಸಮೇತ ಹೇಳಬೇಕೆಂದು ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಸಭೆ ವಿಧಿಸಿತು.

ಇನ್ನೊಂದು ಕವಲು ನಮ್ಮ ನ್ಯಾಯಾಲಯಗಳವರೆಗೂ ಬಂದಿದೆ. ಸುಳ್ಳು ಪ್ರಮಾಣದ ಬಗ್ಗೆ ಬೋಧಿಸುತ್ತ ಅಗಸ್ಟೀನ್, ಮನಸ್ಸು ದೋಷಿಯಾಗದೆ ನಾಲಿಗೆ ದೋಷಿಯಾಗದು ಎಂದಿದ್ದ. ಆ ಮಾತು 12ನೆಯ ಶತಮಾನದ ಇಂಗ್ಲಿಷ್ ಕಾನೂನು ಗ್ರಂಥವೊಂದಕ್ಕೆ ಸೇರಿ, ಬ್ರಿಟಿಷರೊಂದಿಗೆ ಇಲ್ಲಿಗೆ ಬಂತು. ನಮ್ಮ ವಕೀಲರು ಇಂದಿಗೂ ಹೇಳುವ ‘ಮೆನ್ಸ್ ರಿಯಾ’ (ದೋಷಿ ಮನಸ್ಸು) ಅದೇ. ಕೊಂಬೆ ಕಡಿಯುವವನನ್ನು ಕೇಳಿದ, ಜಾಗರೂಕನಾಗಿದ್ದನೇ ಎಂಬ ಪ್ರಶ್ನೆಗೂ ಜಾಗವಿದೆ: 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ, ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಚಿಕಿತ್ಸೆ ನೀಡುವಾಗ ತಪ್ಪಿದ ನೋಂದಾಯಿತ ವೈದ್ಯರಿಗಾದರೆ ಎರಡು ವರ್ಷದವರೆಗೆ.