ಕರೆಂಟ್ ಲೈನಿನ ಗುಂಯ್ ಸದ್ದು: ಯಾವ ಕಂಬದ್ದು?

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಕರೆಂಟ್ ಲೈನಿನಿಂದಾಗಿ ರೇಡಿಯೋದಲ್ಲಿ ಕೇಳಿಸುವ ಗುಂಯ್ ಸದ್ದು ಯಾವ ಕಂಬದ್ದು ಅಂತ ಹುಡುಕುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಫ್ರೀಕ್ವೆನ್ಸಿ, ಎಎಂ, ಎಫ್ಎಂ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಲೈನಿನ ಗಲಾಟೆ ಎರಡು ಬಗೆ. ಒಂದು ಕೊರೋನಾ. 220, 400 ಕೆವಿಯಂಥ (ಕೆವಿ ಅಂದರೆ ಸಾವಿರ ವೋಲ್ಟ್) ಲೈನುಗಳಲ್ಲಿ ತಂತಿಗೆ ತಾಗಿದ ಗಾಳಿಯಲ್ಲೇ ಆಗುವ ಡಿಸ್ಚಾರ್ಜ್, ಅಂದರೆ ಕರೆಂಟು ಗಾಳಿಗೆ ಸೋರುವುದು ಇದು. ಇನ್ನೊಂದು ಕಿಡಿ. ಸಡಿಲ ಬೋಲ್ಟು, ಬಿರುಕು ಬಿಟ್ಟ ಇನ್ಸುಲೇಟರ್, ತುಕ್ಕು ಹಿಡಿದ ಜಾಯಿಂಟು, ಇವುಗಳ ಸಂದಿಯಲ್ಲಿ ಹಾರುತ್ತದೆ. ಮಳೆಯಲ್ಲಿ ಸದ್ದು ಜಾಸ್ತಿಯಾದರೆ ಕೊರೋನಾ. ಮಳೆಗೆ ನಿಂತು, ಒಣ ಬಿಸಿಲಿಗೆ ಮತ್ತೆ ಶುರುವಾದರೆ ಕಿಡಿ. ನಮ್ಮನ್ನು ಹೆಚ್ಚು ಕಾಡುವುದು ಈ ಕಿಡಿಯೇ. ಅದೂ ದೊಡ್ಡ ಟವರಿನಿಂದಲ್ಲ, ಬೀದಿಯ 11 ಕೆವಿ ಕಂಬದಿಂದ.

ಈಗ ನಿಧಾನಕ್ಕೆ ಓದಬೇಕಾದ ಜಾಗ. ನಮ್ಮ ಕರೆಂಟು 50 ಹರ್ಟ್ಸ್, ಆದರೆ ಸದ್ದು 100 ಹರ್ಟ್ಸ್. ಯಾಕೆ? ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಅಷ್ಟರಲ್ಲಿ ವೋಲ್ಟೇಜ್ ಒಂದು ಸಲ ಪ್ಲಸ್ ತುದಿಗೆ, ಒಂದು ಸಲ ಮೈನಸ್ ತುದಿಗೆ ಹೋಗುತ್ತದೆ. ಸಂದಿಗೆ ಪ್ಲಸ್, ಮೈನಸ್ ಲೆಕ್ಕವಿಲ್ಲ. ವೋಲ್ಟೇಜ್ ಸಾಕಷ್ಟು ಏರಿದರೆ ಕಿಡಿ ಹಾರಿತು, ಅಷ್ಟೇ. ಹಾಗಾಗಿ 10 ಮಿಲಿಸೆಕೆಂಡಿಗೊಂದು ಕಿಡಿಗಳ ಗುಂಪು, ಸೆಕೆಂಡಿಗೆ 100 ಗುಂಪು. ಆದರೆ ಮನೆಯ ಫ್ಯಾನ್ ರೆಗ್ಯುಲೇಟರ್ ಕೂಡ 100ರ ಸದ್ದು ಮಾಡಬಲ್ಲದು, ಅಲ್ವಾ? ಅದಕ್ಕೇ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ರೇಡಿಯೋದಲ್ಲಿ ಕೇಳಿ. ಸದ್ದು ಹಾಗೇ ಇದ್ದರೆ ಮೂಲ ಹೊರಗಿದೆ.

ನನಗೆ ತುಂಬಾ ಇಷ್ಟವಾದ ಉಪಾಯ ಇದು. ಪಾಕೆಟ್ ರೇಡಿಯೋವನ್ನು ಮೀಡಿಯಂ ವೇವ್‌ಗೆ ಹಾಕಿ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಬಿಟ್ಟು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ. ಒಳಗೆ ಅಡ್ಡಡ್ಡ ಮಲಗಿರುವ ಫೆರೈಟ್ ಕಡ್ಡಿಯೇ ಆಂಟೆನಾ. ರೇಡಿಯೋವನ್ನು ಮೆಲ್ಲಗೆ ಸುತ್ತಿಸಿ. ಸದ್ದು ಥಟ್ಟನೆ ಕುಗ್ಗಿದಾಗ ಕಡ್ಡಿಯ ಒಂದು ತುದಿ ಮೂಲದ ಕಡೆ ಇರುತ್ತದೆ. ಯಾವ ತುದಿ? ಅದು ಗೊತ್ತಾಗಲು ಇನ್ನೊಂದು ಜಾಗದಿಂದಲೂ ನೋಡಿ, ಎರಡೂ ಗೆರೆ ಎಲ್ಲಿ ಕೂಡುತ್ತವೆ ಅಂತ ಮ್ಯಾಪಿನಲ್ಲಿ ಗುರುತು ಹಾಕಿ.

ಲೈನಿನ ಹತ್ತಿರ ಹೋದಾಗ ಈ ಉಪಾಯ ನಡೆಯುವುದಿಲ್ಲ. ಕೆಳಗಿನ ಫ್ರೀಕ್ವೆನ್ಸಿಯ ಸದ್ದು ತಂತಿ ಹಿಡಿದು ಬಲು ದೂರ ಹರಿಯುತ್ತದೆ, ಎಲ್ಲಾ ಕಂಬವೂ ಕೂಗಿದ ಹಾಗಿರುತ್ತದೆ. ಆಗ 144 ಮೆಗಾಹರ್ಟ್ಸ್‌ಗೆ ಏರಿ, ಮುಖ ಮಾಡಿದ ದಿಕ್ಕಿನದ್ದನ್ನೇ ಜೋರಾಗಿ ಹಿಡಿಯುವ ಸಣ್ಣ ಯಾಗಿ ಆಂಟೆನಾ ಹಿಡಿದು ಕೇಳಿ. ರಿಸೀವರ್ ಎಎಂನಲ್ಲೇ ಇರಬೇಕು, ಎಫ್ಎಂ ಈ ಸದ್ದನ್ನು ಅಡಗಿಸಿಬಿಡುತ್ತದೆ.

ಕಂಬ ಸಿಕ್ಕಿತೇ? ಮುಟ್ಟಬೇಡಿ, ಗುದ್ದಿ ನೋಡಲೂಬೇಡಿ. ಕಂಬದ ನಂಬರ್ ಬರೆದುಕೊಂಡು ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ. ಬೋಲ್ಟು ಬಿಗಿ ಮಾಡುವುದು ಲೈನ್‌ಮನ್ ಕೆಲಸ. ಅಲ್ಲಿಯವರೆಗೆ ನಾಯ್ಸ್ ಬ್ಲಾಂಕರ್ ಹಾಕಿಕೊಳ್ಳಿ. ಕಿಡಿಯ ಆ ಚೂರು ಹೊತ್ತು ಅದು ರಿಸೀವರನ್ನು ಮುಚ್ಚುತ್ತದೆ. ಪಕ್ಕದಲ್ಲಿ ಜೋರು ಸ್ಟೇಷನ್ ಇದ್ದರೆ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಮಾತೇ ಒಡೆದು ಕೇಳಿಸುತ್ತದೆ.